ಸಿಕ್ಕಿದ ಬಿರುಕು, ಸಿಗದ ಬಿರುಕು

ಆ ಶನಿವಾರ ಬೆಳಿಗ್ಗೆ ಒರಾಲಿಯಾ ಕಣ್ಣಿಗೆ ಬೀಳುವ ಮೊದಲೇ ಅವಳ ಗಾಡಿಯ ಸದ್ದು ನನಗೆ ಕೇಳಿತ್ತು. ಗೇಟಿನ ಹತ್ತಿರ ನಿಂತಿದ್ದರೂ ಏರು ಹತ್ತುತ್ತಿರುವ ಹಾಗೆ ಅರಚುತ್ತಿತ್ತು. ನಾನು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದೆ.

ಒರಾಲಿಯಾ ತೀರಿಹೋದ ನನ್ನ ಅಕ್ಕನ ಮಗಳು. ವಯಸ್ಸು ಮೂವತ್ತನಾಲ್ಕು. ಕೆಳಗಿನ ಕಣಿವೆಯ ಶಾಲೆಯಲ್ಲಿ ಅಡುಗೆ ಕೆಲಸ. ಆಳು ಗಿಡ್ಡ, ತೂಕವೂ ಇಲ್ಲ. ಆ ನೀಲಿ ಪಿಕಪ್ಪಿನಲ್ಲಿ ಕೂತರೆ ದೂರದಿಂದ ಗಾಡಿ ತಾನಾಗಿಯೇ ಬರುತ್ತಿದೆಯೇನೋ ಅನ್ನಿಸುತ್ತಿತ್ತು. ತೊಂಬತ್ತೊಂದನೇ ಇಸವಿಯ ಗಾಡಿ ಅದು. ಅವಳ ಅಪ್ಪನದು. ನಮ್ಮ ಓಹಿತೊ ಊರಿನಲ್ಲಿ ಕೆಟ್ಟ ಗಾಡಿಗಳೆಲ್ಲ ಕೊನೆಗೆ ಬಂದು ನಿಲ್ಲುವುದು ನನ್ನ ಅಂಗಳದಲ್ಲೇ. ಮೂವತ್ತೊಂದು ವರ್ಷ ಬೆಟ್ಟದಾಚೆಯ ಗಣಿಯಲ್ಲಿ ಯಂತ್ರ ರಿಪೇರಿ ಮಾಡಿದವನು ನಾನು. ಆಬೆಲಿನೊ ಕೈಯಲ್ಲಿ ಆಗದ್ದು ಗುಜರಿಗೆ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳುವುದು ನನಗೂ ಇಷ್ಟವಾಗಿತ್ತು.

"ಮೂರು ದಿನದಿಂದ ಹೀಗೇ ಮಾವ," ಎಂದಳು ಒರಾಲಿಯಾ, ಕಿಟಕಿಯಿಂದ ತಲೆ ಹೊರಗೆ ಹಾಕಿ. "ಸಿಗ್ನಲ್‌ನಲ್ಲಿ ನಿಂತ್ರೆ ಪಕ್ಕದ ಗಾಡಿಯವರು ನನ್ನ ಮುಖ ನೋಡ್ತಾರೆ. ನಾನೇನೋ ರೇಸಿಗೆ ಕರೀತಿದೀನಿ ಅಂದ್ಕೊಂಡು."

"ನಿನಗೆ ವಯಸ್ಸಾಗ್ತಾ ಬಂತು, ಗಾಡಿಗೆ ಈಗ ಪ್ರಾಯ ಬಂದಿದೆ."

"ತಮಾಷೆ ಆಮೇಲೆ ಮಾಡಿ. ಕಟ್ಟಿಗೆ ಪರ್ಮಿಟ್ಟು ಇವತ್ತೇ ಕೊನೆ. ಮೇಲಿನ ಕಾಡಿಗೆ ಹೋಗಿ ಒಂದು ಲೋಡು ತರಲಿಲ್ಲ ಅಂದ್ರೆ ಚಳಿಗಾಲಕ್ಕೆ ಕುರ್ಚಿ ಸುಡಬೇಕಾಗುತ್ತೆ."

ನಾನು ಬಾನೆಟ್ ಎತ್ತಿದೆ. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ನಿಮಿಷಕ್ಕೆ ಏಳುನೂರರ ಆಸುಪಾಸಿನಲ್ಲಿರಬೇಕು. ಸಾವಿರದ ಎಂಟುನೂರರಲ್ಲಿ ನಿಂತಿತ್ತು. ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿದೆ, ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಗಾಳಿ ಒಳಹೋಗುವ ಬಾಯಿ ಮಸಿ ಹಿಡಿದಿತ್ತು, ಒರೆಸಿ ತೊಳೆದೆ. ಮುಳ್ಳು ಅಲ್ಲಾಡಲಿಲ್ಲ. ಹಾಗಾದರೆ ಎಂಜಿನ್ನು ಎಲ್ಲಿಂದಲೋ ಕಳ್ಳಗಾಳಿ ಕುಡಿಯುತ್ತಿದೆ ಎಂದಾಯಿತು. ಅದರ ಸುತ್ತ ಹತ್ತಾರು ರಬ್ಬರ್ ಪೈಪುಗಳಿರುತ್ತವೆ, ಯಾವುದಾದರೂ ಒಂದು ಸೀಳಿದರೆ ಸಾಕು, ಒಳಗೆ ಹೆಚ್ಚು ಗಾಳಿ ನುಗ್ಗಿ ಎಂಜಿನ್ನು ತಾನಾಗಿಯೇ ರೇಸ್ ಆಗುತ್ತದೆ. ಕಿವಿಗೆ ಉದ್ದದೊಂದು ಕೊಳವೆ ಹಿಡಿದುಕೊಂಡು, ಡಾಕ್ಟರು ಎದೆ ನೋಡುವ ಹಾಗೆ, ಒಂದೊಂದೇ ಪೈಪಿನ ಹತ್ತಿರ ಆಲಿಸುತ್ತಾ ಹೋದೆ.

ಒರಾಲಿಯಾ ಸೀಟಿನಲ್ಲೇ ಕೂತಿದ್ದಳು. ನಡುವೆ ಒಮ್ಮೆ ಕೂಗಿ ಹೇಳಿದಳು: "ಬ್ರೇಕೂ ಒಂಚೂರು ಗಟ್ಟಿ ಅನ್ನಿಸ್ತಿದೆ ಮಾವ. ಮುಂಚೆ ಹೀಗಿರಲಿಲ್ಲ."

"ಸ್ಕೂಲ್ ಮಕ್ಕಳಿಗೆ ಬಡಿಸಿದ್ದರಲ್ಲಿ ನೀನೂ ಒಂಚೂರು ತಿನ್ನು. ಕಾಲಿಗೆ ಶಕ್ತಿ ಬರುತ್ತೆ," ಎಂದು ನಕ್ಕೆ.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆನೈದಾಳೂ ನಕ್ಕಳು. ಒರಾಲಿಯಾಳೂ ನಕ್ಕಳು. ಅದೇ ಹೊತ್ತಿಗೆ ನನ್ನ ಬೆರಳಿಗೆ ಒಂದು ಸಣ್ಣ ಪೈಪಿನ ಬೆನ್ನಮೇಲೆ ಬಿರುಕು ಸಿಕ್ಕಿತು. ಸಿಕ್ಕಿತಲ್ಲ ಎಂದು ಹಿಗ್ಗಿದೆ. ಹೊಸ ತುಂಡು ಹಾಕಿದೆ. ಮುಳ್ಳು ಸಾವಿರದ ಮುನ್ನೂರಕ್ಕೆ ಇಳಿಯಿತು. ಇನ್ನೂ ಇಳಿಯಬೇಕಿತ್ತು. ಆದರೆ ಗಂಟೆ ಒಂಬತ್ತಾಗುತ್ತಿತ್ತು, ಅವಳಿಗೆ ಅವಸರ, ನನಗೆ ಕಾರಣ ಸಿಕ್ಕಿದ ಸಂತೋಷ. ಉಳಿದದ್ದನ್ನು ಸ್ಕ್ರೂಡ್ರೈವರ್ ತೆಗೆದುಕೊಂಡು, ಗಾಡಿ ನಿಂತಾಗ ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕೆಂದು ಅಳೆಯುವ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಇಳಿಸಿಬಿಟ್ಟೆ. ಏಳುನೂರು. ಎಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟಿತು.

"ನೋಡು," ಎಂದೆ.

"ನಾನೂ ಹೋಗ್ತೀನಿ," ಎಂದಳು ಸೆನೈದಾ. ಚಳಿಗಾಲದ ಕೆಮ್ಮಿಗೆ ಬೇಕಾಗುವ ಓಶಾ ಬೇರು ಆ ಮೇಲಿನ ಕಾಡಲ್ಲೇ ಸಿಗುವುದು. ಗುದ್ದಲಿ, ಚೀಲ, ಬಟ್ಟೆಯಲ್ಲಿ ಸುತ್ತಿದ ತೋರ್ತಿಯಾ ರೊಟ್ಟಿ ತೆಗೆದುಕೊಂಡು ಗಾಡಿ ಹತ್ತಿದಳು. ಹೋಗುವಾಗ, ಒಲೆಯ ಮೇಲೆ ಬೀನ್ಸ್ ಇದೆ, ತಳ ಹಿಡಿಸಬೇಡ ಎಂದಳು. ನಾನು ಕೈ ಬೀಸಿದೆ.

ಹನ್ನೆರಡೂವರೆಯ ಹೊತ್ತಿಗೆ ಊಟಕ್ಕೆ ಏಳೋಣವೆಂದು ಕೆಲಸದ ಮೇಜು ಒರೆಸುತ್ತಿದ್ದೆ. ಬೆಳಿಗ್ಗೆ ಬಿಚ್ಚಿದ ಪೈಪಿನ ತುಂಡು ಅಲ್ಲೇ ಬಿದ್ದಿತ್ತು. ಎಸೆಯುವ ಮೊದಲು, ಯಾಕೋ ಗೊತ್ತಿಲ್ಲ, ಒಂದು ತುದಿಗೆ ಬೆರಳು ಒತ್ತಿ ಇನ್ನೊಂದನ್ನು ಬಾಯಿಗಿಟ್ಟು ಉಸಿರು ಎಳೆದೆ. ಬೆರಳು ಪೈಪಿಗೆ ಗಟ್ಟಿಯಾಗಿ ಕಚ್ಚಿಕೊಂಡಿತು. ಬಿರುಕಿನಿಂದ ಗಾಳಿ ಬರುತ್ತಿತ್ತು, ಆದರೆ ದಾರದೆಳೆಯಷ್ಟು. ಅಷ್ಟು ಸಣ್ಣ ಸೀಳು ಎಂಜಿನ್ನನ್ನು ಸಾವಿರದ ಎಂಟುನೂರಕ್ಕೆ ಒಯ್ಯಲಾರದು.

ಬೇರೆಲ್ಲೋ ಇನ್ನೊಂದು ತೂತಿದೆ. ಅದನ್ನು ನಾನು ಮುಚ್ಚಿಲ್ಲ. ಸ್ಕ್ರೂ ತಿರುಗಿಸಿ ಅದರ ಸದ್ದನ್ನಷ್ಟೇ ಅಡಗಿಸಿದ್ದೇನೆ. ಜ್ವರ ಇಳಿಸದೆ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದ ಹಾಗೆ.

ಮೊದಲಿಗೆ ನಾಚಿಕೆಯಷ್ಟೇ ಆಯಿತು. ಸಂಜೆ ಬಂದಮೇಲೆ ಮತ್ತೆ ನೋಡಿದರಾಯಿತು ಎಂದುಕೊಂಡೆ. ಆಮೇಲೆ ಅವಳ ಮಾತು ನೆನಪಾಯಿತು. ಬ್ರೇಕೂ ಒಂಚೂರು ಗಟ್ಟಿ.

ಬ್ರೇಕಿನ ಹಿಂದೆ ತಟ್ಟೆಯಗಲದ ಒಂದು ಡಬ್ಬಿ ಇರುತ್ತದೆ, ಬೂಸ್ಟರ್ ಅನ್ನುತ್ತೇವೆ. ಎಂಜಿನ್ನು ಗಾಳಿ ಹೀರುವ ಸೆಳೆತವನ್ನೇ ದಪ್ಪ ಪೈಪಿನಲ್ಲಿ ಕಡ ತಂದು ಅದು ಕಾಲಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡುತ್ತದೆ. ಅದರೊಳಗಿನ ರಬ್ಬರ್ ಪರದೆ ಹರಿಯತೊಡಗಿದರೆ ಎರಡೂ ಒಟ್ಟಿಗೆ ಆಗುತ್ತವೆ: ಎಂಜಿನ್ನು ಕಳ್ಳಗಾಳಿ ಕುಡಿದು ಮೇಲೇರುತ್ತದೆ, ಬ್ರೇಕು ಗಟ್ಟಿಯಾಗುತ್ತದೆ. ಇವತ್ತು ಸ್ವಲ್ಪ ಹರಿದಿದ್ದು, ಜೋರಾಗಿ ಒತ್ತಿದಾಗ ಪೂರ್ತಿ ಹರಿಯಬಹುದು. ಇದು ಗಣಿಯಲ್ಲಿ ನಾನೇ ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದ ಪಾಠ. ಕಾಯಿಲೆ ತಾನೇ ಬಾಯಿಬಿಟ್ಟು ಎರಡು ಲಕ್ಷಣ ಹೇಳಿತ್ತು. ನಾನು ಒಂದನ್ನು ಸ್ಕ್ರೂನಿಂದ ಮುಚ್ಚಿ, ಇನ್ನೊಂದಕ್ಕೆ ನಕ್ಕಿದ್ದೆ.

ಹೋಗುವಾಗ ಏರು, ಬ್ರೇಕಿನ ಕೆಲಸ ಕಡಿಮೆ. ಬರುವಾಗ ಹದಿನಾಲ್ಕು ಮೈಲಿ ಇಳಿಜಾರು, ಹಿಂದೆ ಒಂದು ಲೋಡು ಹಸಿ ಕಟ್ಟಿಗೆ, ಒಂದು ಪಕ್ಕದಲ್ಲಿ ಕೆಳಗೆ ಹಳ್ಳ.

ಫೋನ್ ಮಾಡಿದೆ. ಸೆನೈದಾಳದು ಅಡುಗೆಮನೆಯಲ್ಲೇ ರಿಂಗಾಯಿತು. ಒರಾಲಿಯಾಳದು ಸಿಗಲಿಲ್ಲ, ಆ ಕಾಡಿನಲ್ಲಿ ಯಾರದೂ ಸಿಗುವುದಿಲ್ಲ. ನನ್ನ ಗಾಡಿಯ ಗೇರ್‌ಬಾಕ್ಸು ಒಂದು ವಾರದಿಂದ ನೆಲದ ಮೇಲಿತ್ತು. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ, ಬೇಲಿ ದಾಟಿ ಪಕ್ಕದ ಮನೆಯ ಫಿಲಿಬೆರ್ತೊನ ಅಂಗಳಕ್ಕೆ ಓಡಿದೆ.

ಫಿಲಿಬೆರ್ತೊನೊಂದಿಗೆ ನಾನು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾಲುವೆ ನೀರಿನ ಸರದಿಯ ಜಗಳ. ಅವನು ಜಗಲಿಯಲ್ಲಿ ಕೂತು ಕೆಂಪು ಮೆಣಸಿನಕಾಯಿ ಪೋಣಿಸುತ್ತಿದ್ದ. ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ.

"ನೀರಿನ ವಿಷಯಕ್ಕೆ ಬಂದಿದ್ರೆ ಹಾಗೇ ತಿರುಗು."

"ಸೆನೈದಾ ಬೆಟ್ಟದ ಮೇಲಿದಾಳೆ. ಒರಾಲಿಯಾ ಗಾಡೀಲಿ. ಬ್ರೇಕು ಹೋಗುತ್ತೆ."

"ಹೋಗುತ್ತೋ, ಹೋಗಿದೆಯೋ?"

"ಗೊತ್ತಿಲ್ಲ. ಅವರು ಇಳಿಯೋಕೆ ಮುಂಚೆ ಹಿಡೀಬೇಕು. ನನ್ನ ಗಾಡಿ ಓಡೋ ಹಾಗಿಲ್ಲ."

ಅವನು ದಾರವನ್ನು ಪಕ್ಕಕ್ಕಿಟ್ಟು, ಖಾರದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹತ್ತು," ಎಂದ.

ಫಿಲಿಬೆರ್ತೊ ಇಪ್ಪತ್ತೆಂಟು ವರ್ಷ ಶಾಲಾ ಬಸ್ಸು ಓಡಿಸಿದವನು. ಅವನ ಬಿಳಿ ಕಾರು ಮಣ್ಣುರಸ್ತೆಗೆ ತಿರುಗಿತು. ಏನಾಯಿತೆಂದು ಅವನು ಕೇಳಿದ. ಪೈಪು, ಸ್ಕ್ರೂ, ಅವಳು ಹೇಳಿದ ಮಾತು, ನಾನು ಆಡಿದ ತಮಾಷೆ, ಎಲ್ಲ ಹೇಳಿದೆ.

"ನಿನಗೆ ಗೊತ್ತಿರಬೇಕಿತ್ತು," ಎಂದ.

"ಹೌದು."

"ಸರಿ. ಈಗ ಸುಮ್ನಿರು, ನಾನು ತಿರುವು ನೋಡ್ಬೇಕು."

ಅವನು ಗಂಟೆಗೆ ಇಪ್ಪತ್ತು ಮೈಲಿಗಿಂತ ಮೇಲೆ ಹೋಗಲಿಲ್ಲ. ಪ್ರತಿ ತಿರುವಿನಲ್ಲೂ ಹಾರ್ನ್ ಒತ್ತುತ್ತಿದ್ದ, ಕಿಟಕಿ ಇಳಿಸಿ ಆಲಿಸುತ್ತಿದ್ದ. ನನ್ನ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಒತ್ತಿ ಒತ್ತಿ ಮರಗಟ್ಟಿತ್ತು.

"ಸ್ವಲ್ಪ ಬೇಗ ಓಡಿಸೋ, ಕೈ ಮುಗೀತೀನಿ."

"ಓಡಿಸಿ? ನಾವೂ ಹಳ್ಳಕ್ಕೆ ಬಿದ್ರೆ ಅವರಿಗೆ ಹೇಳೋರು ಯಾರು?" ಮತ್ತೆ ಮೆಲ್ಲಗೆ ಹೇಳಿದ: "ಅವರು ಇಳಿಯೋಕೆ ಶುರು ಮಾಡಿದ್ರೆ ಯಾವುದೋ ಒಂದು ತಿರುವಲ್ಲಿ ನಮಗೇ ಎದುರು ಸಿಗ್ತಾರೆ. ಅದು ತಿಳ್ಕೊಂಡಿದೀಯ ತಾನೆ?"

ನಾನು ಅದನ್ನು ಯೋಚಿಸಿರಲಿಲ್ಲ. ಒಂದು ಗಾಡಿಯಷ್ಟೇ ಅಗಲದ ರಸ್ತೆ. ನಿಲ್ಲಿಸಲಾಗದ ಗಾಡಿ ಎದುರಿಗೆ ಬಂದರೆ ಜಾಗ ಬಿಡುವುದಕ್ಕೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಫಿಲಿಬೆರ್ತೊಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಹತ್ತು ಎಂದಿದ್ದ. ಅವನ ಮುಖ ನೋಡಿದೆ. ಮೇಲ್ತುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು.

ಎಂಟನೇ ಮೈಲಿ ದಾಟಿತು. ಅಕ್ಟೋಬರಿನ ಆಸ್ಪೆನ್ ಮರಗಳು ಹಳದಿ ಎಲೆ ಉದುರಿಸುತ್ತಿದ್ದವು. ಎಲೆ ಗಾಜಿಗೆ ಬಡಿದಾಗಲೆಲ್ಲ ನಾನು ಬೆಚ್ಚುತ್ತಿದ್ದೆ. ದೇವರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರು ಇನ್ನೂ ಕಟ್ಟಿಗೆ ಕಡಿಯುತ್ತಿರಲಿ ಎಂದೆ. ಗರಗಸದ ಯಂತ್ರ ಕೆಟ್ಟು ನಿಂತಿರಲಿ ಎಂದೆ. ಸೆನೈದಾ ಬೇರು ಹುಡುಕುತ್ತಾ ದಾರಿ ತಪ್ಪಿ ತಡಮಾಡಿರಲಿ ಎಂದೆ.

ಒಂಬತ್ತನೇ ಮೈಲಿ ದಾಟಿ ಸ್ವಲ್ಪ ದೂರಕ್ಕೆ ರಸ್ತೆಯ ನಡುವೆ ಒಂದು ಕಟ್ಟಿಗೆ ತುಂಡು ಬಿದ್ದಿತ್ತು. ಗರಗಸದ ಕೊಯ್ತ ಹೊಸದು, ಹಾಲು ಬಣ್ಣ. ಫಿಲಿಬೆರ್ತೊ ಕಾರು ನಿಲ್ಲಿಸಿದ. ಮುಂದೆ ಇನ್ನೆರಡು ತುಂಡು. ಅದರಾಚೆ ತಿರುವು. ತಿರುವಿನ ಹಳ್ಳದ ಕಡೆಯ ಅಂಚಿನಲ್ಲಿ ಮಣ್ಣು ಕಿತ್ತು ಬಂದಿತ್ತು, ಪೊದೆಯೊಂದು ಬುಡಸಮೇತ ಮುರಿದು ಕೆಳಗೆ ಬಾಗಿತ್ತು.

"ಇಳಿ," ಎಂದ ಫಿಲಿಬೆರ್ತೊ.

ನಾನು ಬಾಗಿಲು ತೆಗೆದೆ. ಕಾಲು ನೆಲಕ್ಕಿಟ್ಟೆ. ಏಳಲಾಗಲಿಲ್ಲ. ಗಣಿಯಲ್ಲಿ ಸುರಂಗ ಕುಸಿದಾಗಲೂ ನನಗೆ ಹಾಗೆ ಆಗಿರಲಿಲ್ಲ.

"ನನ್ನ ಕೈಲಾಗಲ್ಲ," ಎಂದೆ. "ನೀನು ನೋಡು."

ಅವನು ಇಳಿದು ಹೋದ. ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ತಲೆ ತಗ್ಗಿಸಿದ. ಮುಗಿಯಿತು ಎಂದುಕೊಂಡೆ. ಬೆಳಿಗ್ಗೆ ಸೆನೈದಾ ಗಾಡಿ ಹತ್ತುವಾಗ ಯಾವ ಬಣ್ಣದ ಸ್ವೆಟರ್ ಹಾಕಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ನಲವತ್ತೆರಡು ವರ್ಷ ಜೊತೆಗಿದ್ದ ಹೆಂಡತಿ, ಆ ಬೆಳಿಗ್ಗೆ ನಾನು ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಫಿಲಿಬೆರ್ತೊ ತಿರುಗಿದ. "ಕೆಳಗೆ ಬರೀ ಉರುಳಿಬಿದ್ದ ಕಟ್ಟಿಗೆ," ಎಂದ ಏದುಸಿರು ಬಿಡುತ್ತಾ. "ಗಾಡಿ ಇಲ್ಲ. ಗಾಡಿ ಇಲ್ಲ ಕಣೋ."

ಆಗ ತಿರುವಿನಾಚೆಯಿಂದ ಹೆಂಗಸಿನ ಕೆಮ್ಮು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತು. ಕಾಲು ಹೇಗೆ ಬಂತೋ, ಓಡಿದೆ.

ನೀಲಿ ಪಿಕಪ್ಪು ಬೆಟ್ಟದ ಕಡೆಯ ಚರಂಡಿಗೆ ಮೂತಿ ತೂರಿಸಿ ವಾರೆಯಾಗಿ ನಿಂತಿತ್ತು. ಹಿಂದಿನ ಗಾಜು ಒಡೆದು ಒಂದು ದಪ್ಪ ತುಂಡು ಅರ್ಧ ಒಳಗೆ ನುಗ್ಗಿತ್ತು. ಸುಟ್ಟ ಬ್ರೇಕಿನ ನಾತ. ಒರಾಲಿಯಾ ನೆಲದ ಮೇಲೆ ಕೂತಿದ್ದಳು, ಬಲಗಾಲಿನ ಶೂ ಬಿಚ್ಚಿ. ಪಾದ ಊದಿ ಬ್ರೆಡ್ಡಿನ ಹಾಗಾಗಿತ್ತು. ಸೆನೈದಾ ತಲೆವಸ್ತ್ರವನ್ನು ಹಣೆಗೆ ಒತ್ತಿ ಹಿಡಿದಿದ್ದಳು, ಅದು ಅರ್ಧ ಕೆಂಪಾಗಿತ್ತು. ಸ್ವೆಟರ್ ಬೂದು ಬಣ್ಣದ್ದು. ನನ್ನನ್ನು ನೋಡಿ ಅವಳು ಆಡಿದ ಮೊದಲ ಮಾತು:

"ಒಲೆ ಆರಿಸಿ ಬಂದ್ಯಾ?"

ನಾನು ಅವಳ ಪಕ್ಕ ಮಣ್ಣಲ್ಲೇ ಕುಕ್ಕರಿಸಿದೆ. ಅವಳ ಹೆಗಲು ಹಿಡಿದುಕೊಂಡೆ.

"ಬದುಕಿದೀವಿ. ಬಿಡು, ನೋಯುತ್ತೆ," ಎಂದಳು.

ನಡೆದದ್ದನ್ನು ಒರಾಲಿಯಾ ಹೇಳಿದಳು. ಎರಡನೇ ಗೇರಿನಲ್ಲಿ ಮೆಲ್ಲಗೇ ಇಳಿಸುತ್ತಿದ್ದಳಂತೆ. ಬ್ರೇಕು ಒತ್ತಿದಷ್ಟೂ ಗಟ್ಟಿಯಾಗುತ್ತಾ ಬಂತು. ಈ ತಿರುವಿನ ಮೇಲಿನ ಇಳಿಜಾರಿನಲ್ಲಿ ಜೋರಾಗಿ ಒತ್ತಿದಳು. ಒಳಗೆ ಏನೋ ಬಟ್ಟೆ ಹರಿದ ಹಾಗಾಯಿತು, ಎಂಜಿನ್ನು ತಾನಾಗಿಯೇ ಅರಚತೊಡಗಿತು.

"ಆ ಅರಚಾಟಕ್ಕೆ ಹೆದರಿ ಕ್ಲಚ್ ತುಳಿದುಬಿಟ್ಟೆ ಮಾವ. ಗೇರಿನ ಹಿಡಿತ ತಪ್ಪಿತು, ಗಾಡಿ ಜಾರೋಕೆ ಶುರುವಾಯ್ತು. ಬ್ರೇಕು ಕಲ್ಲು. ಕಲ್ಲಿನ ಮೇಲೆ ನಿಂತ ಹಾಗೆ. ನಾನು ಪೂರಾ ಎದ್ದು ನಿಂತರೂ ಅದು ಕೆಳಗೆ ಹೋಗಲಿಲ್ಲ. ಅತ್ತೆ ಸೀಟಿನ ಮೇಲೆ ಜಾರ್ಕೊಂಡು ಬಂದು ತಮ್ಮ ಬೂಟುಗಾಲನ್ನ ನನ್ನ ಕಾಲ ಮೇಲಿಟ್ಟು ತುಳಿದ್ರು. ಬೆಟ್ಟದ ಕಡೆ ತಿರುಗಿಸು, ಬೆಟ್ಟದ ಕಡೆ ತಿರುಗಿಸು ಅಂತ ಅವರೇ ಕೂಗಿದ್ದು. ಇಲ್ದಿದ್ರೆ..." ಹಳ್ಳದ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಳತೊಡಗಿದಳು. "ನನ್ನದೇ ತಪ್ಪು. ಪರ್ಮಿಟ್ಟು ಮುಗಿಯುತ್ತೆ ಅಂತ ಆಸೆಗೆ ಬಿದ್ದು ಲೋಡು ಜಾಸ್ತಿ ಹಾಕ್ದೆ. ಕ್ಲಚ್ ತುಳೀಬಾರದಿತ್ತು. ಅಪ್ಪ ಎಷ್ಟು ಸಲ ಹೇಳಿದ್ರು, ಇಳಿಜಾರಲ್ಲಿ ಕ್ಲಚ್ ಮುಟ್ಟಬೇಡ ಅಂತ. ಅತ್ತೇನ ಕೊಂದುಬಿಡ್ತಿದ್ದೆ ನಾನು."

ಸೆನೈದಾ ಅವಳ ಬೆನ್ನು ಸವರುತ್ತಿದ್ದಳು. ನಾನು ಫಿಲಿಬೆರ್ತೊನನ್ನು ನೋಡಿದೆ. ಅವನು ಮುಖ ತಿರುಗಿಸಿ ಮರಗಳನ್ನು ನೋಡತೊಡಗಿದ. ನಾನು ಸುಮ್ಮನಿದ್ದರೆ ಅವನೂ ಸುಮ್ಮನಿರುತ್ತಾನೆ ಎಂದು ನನಗೆ ಅರ್ಥವಾಯಿತು. ಆ ಕ್ಷಣದಲ್ಲಿ ಹುಟ್ಟಿದ ಹೆದರಿಕೆ, ರಸ್ತೆಯುದ್ದಕ್ಕೂ ಪಟ್ಟ ಹೆದರಿಕೆಗಿಂತ ಬೇರೆಯದು. ಅವರು ಸತ್ತಿರಬಹುದೆಂಬ ಭಯ ಹೋಗಿತ್ತು. ಅವರು ಬದುಕಿದ್ದು ನನ್ನ ಮುಖ ನೋಡುತ್ತಾರಲ್ಲ ಎಂಬ ಭಯ ಬಂದಿತ್ತು. ಹುಡುಗಿ ತಾನಾಗಿಯೇ ತಪ್ಪನ್ನು ಹೊತ್ತುಕೊಂಡು ಕೂತಿದ್ದಾಳೆ. ಹಳೇ ಗಾಡಿ, ಹೆಚ್ಚು ಲೋಡು. ಯಾರೂ ಇನ್ನೇನೂ ಕೇಳುವುದಿಲ್ಲ.

ನಾನು ಎದ್ದು ಹೋಗಿ ಬಾನೆಟ್ ಎತ್ತಿದೆ. ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಇಕ್ಕಳ ತೆಗೆದೆ. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಎರಡು ಕಟ್ಟಿಗೆ ಒತ್ತು ಕೊಟ್ಟು ಕೀ ತಿರುಗಿಸಿದೆ. ಎಂಜಿನ್ನು ಹೊತ್ತಿಕೊಂಡ ಕೂಡಲೇ ಅರಚಿತು. ಒರಾಲಿಯಾ ಕಿವಿ ಮುಚ್ಚಿಕೊಂಡಳು. ನಾನು ಬೂಸ್ಟರಿನ ದಪ್ಪ ಪೈಪನ್ನು ಇಕ್ಕಳದಲ್ಲಿ ಹಿಡಿದು ಒತ್ತಿದೆ. ಅರಚಾಟ ಇಳಿಯಿತು, ಇಳಿಯಿತು, ಎಂಜಿನ್ನು ಎರಡು ಸಲ ಬಿಕ್ಕಳಿಸಿ ನಿಂತೇಹೋಯಿತು.

"ಯಾಕೆ ನಿಂತಿತು?" ಎಂದು ಕೇಳಿದಳು ಸೆನೈದಾ.

"ಅದು ಕಳ್ಳಗಾಳಿಯಲ್ಲೇ ಬದುಕಿತ್ತು. ಬೆಳಿಗ್ಗೆ ನಾನು ಸ್ಕ್ರೂ ತಿರುಗಿಸಿ ಸರಿಯಾದ ಗಾಳೀನ ಮುಚ್ಚಿಬಿಟ್ಟಿದ್ದೆ." ಅವರ ಕಡೆ ತಿರುಗಿದೆ. "ತೂತು ಇದ್ದದ್ದು ಬ್ರೇಕಿನ ಡಬ್ಬೀಲಿ. ನಾನು ಒಂದು ಸಣ್ಣ ಬಿರುಕು ಸಿಕ್ಕಿದ ತಕ್ಷಣ ಹುಡುಕೋದು ನಿಲ್ಲಿಸಿದೆ. ಲೋಡಲ್ಲ ಒರಾಲಿಯಾ. ಕ್ಲಚ್ಚೂ ಅಲ್ಲ. ಬ್ರೇಕಿಲ್ಲದ ಗಾಡೀನ ಚೆನ್ನಾಗಿದೆ ಅಂತ ನಿನ್ನ ಕೈಗೆ ಕೊಟ್ಟವನು ನಾನು."

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಾನು ಹೇಳಿದ್ದೆ," ಎಂದಳು.

"ಹೌದು. ನೀನು ಹೇಳಿದ್ದೆ."

"ನೀವು ನಕ್ಕಿರಿ."

"ನಕ್ಕೆ."

"ನಾನೂ ನಕ್ಕೆ," ಎಂದಳು ಸೆನೈದಾ ಕೆಳಗೆ ನೋಡುತ್ತಾ. ಫಿಲಿಬೆರ್ತೊ ಬಂದು ಒರಾಲಿಯಾಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಾರಿನ ಕಡೆ ನಡೆದ. ಎಪ್ಪತ್ತು ವರ್ಷದ ಮುದುಕ. ಹೇಗೆ ಎತ್ತಿದನೋ ಇವತ್ತಿಗೂ ಗೊತ್ತಿಲ್ಲ.

ಕೆಳಗಿನ ಆಸ್ಪತ್ರೆಯಲ್ಲಿ ಸೆನೈದಾಗೆ ಆರು ಹೊಲಿಗೆ ಬಿತ್ತು. ಒರಾಲಿಯಾಳ ಪಾದದಲ್ಲಿ ಎರಡು ಎಲುಬು ಬಿರಿದಿದ್ದವು, ಆರು ವಾರ ಪಟ್ಟಿ. "ನನ್ನ ಬೂಟಿನ ಕೆಲಸ," ಎಂದು ಸೆನೈದಾ ಡಾಕ್ಟರಿಗೆ ಹೇಳಿದಳು. ಡಾಕ್ಟರು, ಆ ಬೂಟು ಇಲ್ಲದಿದ್ದರೆ ನಾವು ಇಲ್ಲಿ ಮಾತಾಡುತ್ತಿರಲಿಲ್ಲ ಎಂದರು. ಒರಾಲಿಯಾ ನನ್ನ ಕಡೆ ನೋಡಲಿಲ್ಲ. ಅವಳ ಶಾಲೆಯ ಗೆಳತಿಯೊಬ್ಬಳು ಬಂದು ಕರೆದುಕೊಂಡು ಹೋದಳು.

ಮಂಗಳವಾರ ಗಾಡಿಯನ್ನು ಎಳೆಸಿಕೊಂಡು ಬಂದು ಅಂಗಳಕ್ಕೆ ಹಾಕಿಸಿದೆ. ಹಳೇ ಬೂಸ್ಟರ್ ಬಿಚ್ಚಿ, ಗರಗಸದಲ್ಲಿ ಕೊಯ್ದು ನೋಡಿದೆ. ಒಳಗಿನ ರಬ್ಬರ್ ಪರದೆ ಒಂದು ಗೇಣು ಹರಿದಿತ್ತು. ಹರಿದ ಅಂಚಿನಲ್ಲಿ ಹೆಬ್ಬೆರಳಿನಷ್ಟು ಭಾಗ ಹಳೆಯದು, ಕಪ್ಪಗೆ ನಯವಾಗಿತ್ತು, ಉಳಿದದ್ದು ಹೊಸದು. ಶನಿವಾರ ಬೆಳಿಗ್ಗೆ ನನ್ನ ಅಂಗಳದಲ್ಲಿ ನಿಂತಿದ್ದಾಗ ಆ ಹೆಬ್ಬೆರಳಿನಷ್ಟು ಇತ್ತು. ಐದು ನಿಮಿಷದ ಕೆಲಸ, ಇಕ್ಕಳದಲ್ಲಿ ಒಂದು ಪೈಪು ಹಿಡಿಯುವುದು. ಆ ತುಂಡನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಬಕೆಟ್ಟಿನ ಮೇಲೆ ಕೂತಿದ್ದೆ.

ಹೊಸ ಬೂಸ್ಟರ್ ಹಾಕಿದೆ, ಸ್ಕ್ರೂ ಮೊದಲಿದ್ದ ಜಾಗಕ್ಕೆ ತಂದೆ. ಎಂಜಿನ್ನು ಏಳುನೂರರಲ್ಲಿ ನಿಂತಿತು. ಇನ್ನು ಬ್ರೇಕು ಒತ್ತಿ ನೋಡಬೇಕು, ಅಷ್ಟೇ. ಸೀಟಿನಲ್ಲಿ ಕೂತೆ. ಪೆಡಲಿನ ಮೇಲೆ ಕಾಲಿಟ್ಟೆ. ಒತ್ತಲು ಆಗಲಿಲ್ಲ. ಬೆವರು ಕಣ್ಣಿಗಿಳಿಯಿತು. ಗಾಡಿ ನಾಲ್ಕು ಇಟ್ಟಿಗೆಯ ನಡುವೆ ಸಮತಟ್ಟು ನೆಲದಲ್ಲಿ ನಿಂತಿದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿತ್ತು; ಆದರೂ ಆಗಲಿಲ್ಲ.

ಸೆನೈದಾ ಹಣೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಮೂರು ದಿನ ಅವಳು ನನ್ನೊಂದಿಗೆ ಉಪ್ಪು ಕೊಡು, ಬಾಗಿಲು ಹಾಕು ಎಂಬುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ಬಂದು ಗಾಡಿಯ ಬಾಗಿಲು ತೆಗೆದಳು.

"ಇಳಿ. ನಾನು ಕೂತ್ಕೋತೀನಿ. ನೀನು ಮುಂದೆ ಹೋಗಿ ಅದೇನು ಕೇಳಬೇಕೋ ಕೇಳು."

"ನಿನಗೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಇಳಿ."

ನಾನು ಎಂಜಿನ್ನಿನ ಪಕ್ಕ ನಿಂತೆ. "ಒತ್ತು," ಎಂದೆ. ಒತ್ತಿದಳು. ಎಂಜಿನ್ನಿನ ಸದ್ದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

"ಗಟ್ಟಿ ಇದೆಯಾ?"

"ಇಲ್ಲ. ಮೆತ್ತಗೆ ಹೋಗ್ತಿದೆ."

"ಮತ್ತೆ ಒತ್ತು. ಜೋರಾಗಿ."

"ಒತ್ತಿದೆ."

"ಈಗ?"

"ಮೆತ್ತಗಿದೆ."

"ಇನ್ನೊಂದ್ಸಲ."

ಎಷ್ಟು ಸಲ ಕೇಳಿದೆನೋ. ಕೊನೆಗೆ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಹತ್ತೊಂಬತ್ತು ಸಲ ಆಯ್ತು. ಇನ್ನು ಮುರಿದು ಹೋದ್ರೆ ಅದು ನಿನ್ನ ಕಾಟಕ್ಕೇ ಮುರಿಯೋದು." ಸಿಟ್ಟಿನಿಂದಲೇ ಹೇಳಿದಳು. ಆದರೆ ಇಳಿದು ಹೋಗಲಿಲ್ಲ, ನಾನು ಬಾನೆಟ್ ಮುಚ್ಚುವವರೆಗೂ ಅಲ್ಲೇ ಕೂತಿದ್ದಳು.

ಒರಾಲಿಯಾಳ ಪಟ್ಟಿ ಬಿಚ್ಚುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ರಸ್ತೆಯಲ್ಲಿ ಚೆಲ್ಲಿದ್ದ ಕಟ್ಟಿಗೆಯನ್ನು ಫಿಲಿಬೆರ್ತೊ ಮತ್ತು ನಾನು ಎರಡು ಸರ್ತಿ ಹೋಗಿ ತಂದು ಅವಳ ಮನೆಯ ಗೋಡೆಗೆ ಜೋಡಿಸಿದ್ದೆವು. ಕಾಲುವೆಯ ವಿಷಯ ಇಬ್ಬರೂ ಎತ್ತಲಿಲ್ಲ. ಅದು ಬಗೆಹರಿಯಿತು ಎಂದಲ್ಲ. ಒರಾಲಿಯಾ ಗಾಡಿ ಒಯ್ಯಲು ಬಂದಾಗ ಅಂಗಳದಲ್ಲಿ ನಿಂತೇ ಹೇಳಿದಳು:

"ಮಾವ, ಬೇಜಾರು ಮಾಡ್ಕೋಬೇಡಿ. ಮೊದಲು ಪೇಟೆಗೆ ಎಳೆಸ್ಕೊಂಡು ಹೋಗಿ ಅಲ್ಲಿ ಬೇರೆಯವರ ಹತ್ರ ಒಂದ್ಸಲ ತೋರಿಸ್ತೀನಿ. ಆಮೇಲೇ ನಾನು ಓಡಿಸೋದು."

"ತೋರಿಸು," ಎಂದೆ. "ನಾನೂ ಅದನ್ನೇ ಹೇಳೋಣ ಅಂತಿದ್ದೆ." ನಿಜಕ್ಕೂ ಹೇಳಬೇಕೆಂದಿದ್ದೆ. ಆದರೂ ಅವಳ ಬಾಯಿಂದ ಕೇಳಿದಾಗ ನೆಲ ನೋಡುತ್ತಾ ಕೀ ಕೊಟ್ಟೆ.

ಆ ಮಧ್ಯಾಹ್ನ ನಾನು ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಹೊಸ ಡಬ್ಬಿಯನ್ನೂ ತಪ್ಪಾಗಿ ಕೂರಿಸಿದ್ದರೆ? ಒಂದು ಬೋಲ್ಟು ಬಿಗಿಯಾಗದೆ ಉಳಿದಿದ್ದರೆ? ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕಾದೆ. ನಾಲ್ಕು ಗಂಟೆಗೆ ರಿಂಗಾಯಿತು.

"ಎಲ್ಲಾ ಸರಿಯಾಗಿದೆಯಂತೆ," ಎಂದಳು ಒರಾಲಿಯಾ. ಹಿಂದೆ ಎಂಜಿನ್ನು ತಣ್ಣಗೆ ಗುರುಗುಟ್ಟುವುದು ಕೇಳುತ್ತಿತ್ತು. "ನಾನೇ ಓಡಿಸ್ಕೊಂಡು ಬರ್ತಿದೀನಿ. ಅತ್ತೆಗೆ ಹೇಳಿ, ಊಟಕ್ಕೆ ಅಲ್ಲಿಗೇ ಬರ್ತೀನಿ ಅಂತ."

ನಾನು ಸೆನೈದಾಗೆ ಹೇಳಿದೆ. ಅವಳು ಇನ್ನೊಂದು ತಟ್ಟೆ ತೆಗೆದಿಟ್ಟಳು. ನಾನು ಕೋಟು ಹಾಕಿಕೊಂಡು ಗೇಟಿನ ಹತ್ತಿರ ಹೋಗಿ, ಕಣಿವೆಯ ಏರಿನಲ್ಲಿ ನೀಲಿ ಬಣ್ಣ ಕಾಣುವವರೆಗೂ ಹಿಮದಲ್ಲಿ ನಿಂತಿದ್ದೆ.